ಎಂಟನೇ ಸ್ಥಾನದಿಂದ ಚಿನ್ನಕ್ಕೆ: ಮಹಿಳೆಯರ ಸ್ಲಾಲಮ್ ಅರ್ಥ ಮಾಡಿಕೊಳ್ಳುವುದು ಹೇಗೆ?

ಬೀಜಿಂಗ್ 2022ರ ಚಳಿಗಾಲದ ಒಲಿಂಪಿಕ್ಸ್‌ನ ಮಹಿಳೆಯರ ಸ್ಲಾಲಮ್ (ಹಿಮದ ಇಳಿಜಾರಿನ ಸ್ಕೀಯಿಂಗ್ ಸ್ಪರ್ಧೆ) ಫಲಿತಾಂಶ ನೋಡಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಮೊದಲ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದವರು ಜರ್ಮನಿಯ ಲೀನಾ ಡ್ಯೂರ್. ಕೊನೆಗೆ ಅವರಿಗೆ ಪದಕವೇ ಇಲ್ಲ. ಎಂಟನೇ ಸ್ಥಾನದಲ್ಲಿದ್ದ ಸ್ಲೊವಾಕಿಯಾದ ಪೆಟ್ರಾ ವ್ಲ್ಹೋವಾ ಚಿನ್ನ ಗೆದ್ದರು. ಇದು ಹೇಗೆ ಸಾಧ್ಯ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಸ್ಲಾಲಮ್‌ನ ಮುಖ್ಯ ವಿಷಯಗಳೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ನಾನು ಕಲಿತದ್ದು ಹಾಗೆಯೇ. ಅದೇ ದಾರಿಯಲ್ಲಿ ನೀವೂ ಬನ್ನಿ.

ಮೊದಲು ಒಂದು ಸಣ್ಣ ಸ್ಪಷ್ಟನೆ. ಸ್ಕೀಯಿಂಗ್ ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ಕೊಡಗಿನ ಭವಾನಿ ತೆಕ್ಕಡ ನೆನಪಾಗಬಹುದು. ಅವರದ್ದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಅಲ್ಲಿ ಹಿಮದ ಮೇಲೆ ದೂರ ದೂರ ಸಾಗಬೇಕು, ಏರು ಬಂದರೆ ಹತ್ತಲೂಬೇಕು. ಸ್ಲಾಲಮ್ ಬೇರೆ. ಇದು ಆಲ್ಪೈನ್ ಸ್ಕೀಯಿಂಗ್‌ನ ಒಂದು ವಿಭಾಗ. ಇಲ್ಲಿ ಬರೀ ಇಳಿಜಾರು. ಕಂಬಗಳ ನಡುವೆ ಆ ಕಡೆ ಈ ಕಡೆ ತಿರುಗುತ್ತಾ ಕೆಳಗೆ ಬರಬೇಕು. ಹೆಸರು ನಾರ್ವೆಯ ಭಾಷೆಯಿಂದ ಬಂದದ್ದು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ಲಾಲಮ್‌ಗೆ ಪ್ರತ್ಯೇಕ ಪದಕ ಶುರುವಾಗಿದ್ದು 1948ರಲ್ಲಿ, ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ. ಗೆದ್ದವರು ಅಮೆರಿಕದ ಗ್ರೆಚೆನ್ ಫ್ರೇಸರ್.

ಕಂಬ ನೋಡಬೇಡಿ, ಕಾಲು ನೋಡಿ

ಕೆಂಪು, ನೀಲಿ ಬಣ್ಣದ ಗೇಟುಗಳು, ಅಂದರೆ ಕಂಬ ನೆಟ್ಟು ಗುರುತಿಸಿದ, ದಾಟಲೇಬೇಕಾದ ಜಾಗಗಳು, ಒಂದಾದ ಮೇಲೊಂದು ಬರುತ್ತವೆ. ಆಲ್ಪೈನ್ ವಿಭಾಗಗಳಲ್ಲಿ ಗೇಟುಗಳು ಅತಿ ಹತ್ತಿರ ಹತ್ತಿರ ಇರುವುದು ಸ್ಲಾಲಮ್‌ನಲ್ಲೇ. ಹೆಚ್ಚು ಕಡಿಮೆ ಸೆಕೆಂಡಿಗೊಂದು ತಿರುವು. ಹೀಗಾಗಿ ಸ್ಕೀ ಕೂಡ ಗಿಡ್ಡ. ದೊಡ್ಡ ಸ್ಪರ್ಧೆಗಳಲ್ಲಿ ಮಹಿಳೆಯರ ಸ್ಲಾಲಮ್ ಸ್ಕೀ ಕನಿಷ್ಠ 155 ಸೆಂಟಿಮೀಟರ್ ಇರಬೇಕು.

ಟಿವಿಯಲ್ಲಿ ನೋಡುವಾಗ ಸ್ಪರ್ಧಿ ಕಂಬಕ್ಕೆ ಗುದ್ದಿಕೊಂಡೇ ಹೋಗುವುದು ಕಾಣುತ್ತದೆ. ಅದು ತಪ್ಪಲ್ಲ. ಕಂಬದ ಬುಡದಲ್ಲಿ ಮಡಚುವ ಕೀಲು ಇದೆ. ಬಡಿದರೆ ಹಿಮಕ್ಕೆ ಮಲಗಿ ಮತ್ತೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಮೊಣಕಾಲಿನ ಕೆಳಗೆ, ಮುಷ್ಟಿಗೆ, ಗಲ್ಲಕ್ಕೆ ರಕ್ಷಣೆ ಕಟ್ಟಿಕೊಂಡಿರುವುದು ಇದಕ್ಕೇ. ಮೈ ಕಂಬದ ಒಳಗಡೆಯಿಂದ ಹೋಗುತ್ತದೆ, ಕಾಲು ಹೊರಗಡೆಯಿಂದ. ದಾರಿ ಉಳಿಸುವ ಉಪಾಯ ಇದು.

ನಿಯಮ ಕೇಳುವುದು ಕಾಲನ್ನು ಮಾತ್ರ. ಎರಡೂ ಸ್ಕೀಗಳ ತುದಿ, ಎರಡೂ ಪಾದ ಗೇಟಿನ ಗೆರೆ ದಾಟಿರಬೇಕು. ಒಂದು ಸ್ಕೀಯ ತುದಿ ಕಂಬದ ತಪ್ಪು ಬದಿಗೆ ಹೋಯಿತೋ, ಕಂಬ ಎರಡು ಕಾಲಿನ ಮಧ್ಯೆ ಬಂತೋ, ಅಲ್ಲಿಗೆ ಮುಗಿಯಿತು. ಎಷ್ಟೇ ವೇಗವಾಗಿ ಕೆಳಗೆ ಬಂದರೂ ಸಮಯ ಲೆಕ್ಕಕ್ಕಿಲ್ಲ.

ಗೇಟುಗಳನ್ನು ನೆಡುವುದರಲ್ಲೂ ಬಗೆಗಳಿವೆ. ಎರಡು ಗೇಟು ಇಳಿಜಾರಿನ ಉದ್ದಕ್ಕೆ ಒಂದರ ಕೆಳಗೊಂದು ಬಂದರೆ ಹೇರ್‌ಪಿನ್. ಆಗುಂಬೆ ಘಾಟಿಯ ಹೇರ್‌ಪಿನ್ ಎಂದುಕೊಂಡು ನಾನು ಬಹಳ ದಿನ ತಪ್ಪು ತಿಳಿದಿದ್ದೆ. ಘಾಟಿಯಲ್ಲಿ ದಾರಿ ಪೂರ್ತಿ ಹಿಂದಕ್ಕೆ ತಿರುಗುತ್ತದೆ, ಗಾಡಿ ನಿಧಾನ ಮಾಡಲೇಬೇಕು. ಇಲ್ಲಿ ಉಲ್ಟಾ. ದಾರಿ ಹೆಚ್ಚು ಕಡಿಮೆ ನೇರ, ಆದ್ದರಿಂದ ವೇಗ ಜಾಸ್ತಿ ಆಗುತ್ತದೆ. ಅದೇ ವೇಗದಲ್ಲಿ ಮುಂದಿನ ಅಗಲದ ತಿರುವಿಗೆ ಹೋದರೆ ಹೊರಗೆ ಜಾರುವ ಅಪಾಯ.

ಸ್ಪರ್ಧೆಗೆ ಮುಂಚೆ ಗೇಟುಗಳ ನಡುವೆ ಓಡಿ ಅಭ್ಯಾಸ ಮಾಡುವಂತಿಲ್ಲ. ಪಕ್ಕದಿಂದ ಮೆಲ್ಲಗೆ ಜಾರುತ್ತಾ ನೋಡಿಕೊಳ್ಳಬಹುದು ಅಷ್ಟೇ. ಓಟಕ್ಕೆ ಮುಂಚೆ ಕ್ಯಾಮೆರಾ ಮೇಲಕ್ಕೆ ಹೋದಾಗ ಗಮನಿಸಿ. ಕಣ್ಣು ಮುಚ್ಚಿಕೊಂಡು, ಅಂಗೈಯನ್ನು ಮೀನಿನ ಹಾಗೆ ಎಡಕ್ಕೆ ಬಲಕ್ಕೆ ಆಡಿಸುತ್ತಾ ನಿಂತಿರುತ್ತಾರೆ. ಅದು ಬಾಯಿಪಾಠ. ಇಡೀ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ಇಳಿಯುತ್ತಿದ್ದಾರೆ. ನನಗೆ ಈ ಆಟದಲ್ಲಿ ಅತ್ಯಂತ ಇಷ್ಟವಾದ ದೃಶ್ಯ ಇದು.

ಎರಡನೇ ಓಟದ ಗುಟ್ಟು

ಓಟ ಎರಡು. ಎರಡರ ಸಮಯ ಕೂಡಿಸಿ ಸ್ಥಾನ ಕೊಡುತ್ತಾರೆ. ಇಳಿಜಾರು ಅದೇ, ಆದರೆ ಗೇಟುಗಳನ್ನು ಕಿತ್ತು ಹೊಸದಾಗಿ ನೆಡುತ್ತಾರೆ. ಬಾಯಿಪಾಠ ಮತ್ತೆ ಮೊದಲಿನಿಂದ.

ಎರಡನೇ ಓಟದಲ್ಲಿ ಸರದಿ ತಿರುಗುಮುರುಗು. ಮೊದಲ ಓಟದಲ್ಲಿ 30ನೇ ಸ್ಥಾನ ಪಡೆದವರು ಮೊದಲು ಇಳಿಯುತ್ತಾರೆ, ಮೊದಲ ಸ್ಥಾನದವರು ಆ ಮೂವತ್ತು ಜನರಲ್ಲಿ ಕೊನೆಗೆ. ನೋಡುವವರಿಗೆ ಇದು ಖುಷಿ. ಮುಂದಿರುವವರಿಗೆ ಕಷ್ಟ. ಮುಂಚೆ ಹೋದವರ ಸ್ಕೀ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ತಿರುವಿನಲ್ಲಿ ಹಳ್ಳ ಬೀಳುತ್ತದೆ. ಸ್ಲಾಲಮ್ ಇಳಿಜಾರನ್ನು ನೀರು ಹಾಕಿ ಗಟ್ಟಿ ಮಾಡುವುದೇ ಈ ಹಳ್ಳ ಆದಷ್ಟು ಕಡಿಮೆ ಆಗಲಿ ಎಂದು.

ಈಗ 2022ರ ಫೆಬ್ರವರಿ 9ಕ್ಕೆ ಬನ್ನಿ. ಜಾಗ ಬೀಜಿಂಗ್ ಹತ್ತಿರದ ಯಾನ್‌ಚಿಂಗ್. ಮೊದಲ ಓಟದಲ್ಲಿ ಡ್ಯೂರ್‌ಗಿಂತ ವ್ಲ್ಹೋವಾ 0.72 ಸೆಕೆಂಡ್ ಹಿಂದೆ. ಎಂಟನೆಯವರಾದ್ದರಿಂದ ಎರಡನೇ ಓಟದಲ್ಲಿ ಅವರ ಸರದಿ 23ನೆಯದು. ಅವರು ಇಳಿದು ಮೊದಲ ಸ್ಥಾನಕ್ಕೆ ಬಂದರು. ಆದರೆ ಮೇಲೆ ಇನ್ನೂ ಏಳು ಜನ ಬಾಕಿ. ಒಬ್ಬೊಬ್ಬರು ಇಳಿದಾಗಲೂ ಕೆಳಗೆ ನಿಂತು ಗಡಿಯಾರ ನೋಡುವುದು ಬಿಟ್ಟು ಬೇರೇನೂ ಮಾಡುವಂತಿಲ್ಲ. ಕೊನೆಯವರು ಡ್ಯೂರ್. ಅವರು ಕೆಳಗೆ ಬಂದಾಗ ಲೆಕ್ಕ ಹೀಗಿತ್ತು:

ವ್ಲ್ಹೋವಾ, 1 ನಿಮಿಷ 44.98 ಸೆಕೆಂಡ್
ಆಸ್ಟ್ರಿಯಾದ ಕತರೀನಾ ಲೀನ್ಸ್‌ಬರ್ಗರ್, 0.08 ಹಿಂದೆ
ಸ್ವಿಟ್ಜರ್‌ಲೆಂಡಿನ ವೆಂಡಿ ಹೋಲ್ಡನರ್, 0.12 ಹಿಂದೆ
ಡ್ಯೂರ್, 0.19 ಹಿಂದೆ

ಈ ಸಂಖ್ಯೆಗಳನ್ನು ಸುಮ್ನೆ ಓದಿಕೊಂಡು ಹೋಗಬೇಡಿ, ದೂರಕ್ಕೆ ಬದಲಾಯಿಸಿ. ಗಂಟೆಗೆ 40 ಕಿಲೋಮೀಟರ್ ವೇಗ ಎಂದಿಟ್ಟುಕೊಳ್ಳಿ, ಸೆಕೆಂಡಿಗೆ 11 ಮೀಟರ್ ಆಯಿತು. ಆಗ 0.08 ಸೆಕೆಂಡ್ ಅಂದರೆ ಒಂದು ಮೀಟರ್‌ಗೂ ಕಡಿಮೆ. ಸ್ಕೀಯ ಉದ್ದಕ್ಕಿಂತಲೂ ಚಿಕ್ಕ ಅಂತರ. ಡ್ಯೂರ್‌ಗೆ ಕಂಚು ತಪ್ಪಿದ್ದು 0.07 ಸೆಕೆಂಡಿನಲ್ಲಿ. ಎರಡೂ ಓಟದ ನೂರಕ್ಕೂ ಹೆಚ್ಚು ತಿರುವುಗಳಲ್ಲಿ ಯಾವುದೋ ಒಂದರಲ್ಲಿ ಸ್ವಲ್ಪ ತಡವಾಗಿ ತಿರುಗಿದರೆ ಸಾಕು, ಇಷ್ಟು ಹೋಗಿಬಿಡುತ್ತದೆ. ಸ್ಲೊವಾಕಿಯಾಕ್ಕೆ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಪದಕ ಇದು.

ಕೆಳಗೆ ಬರುವುದೇ ಮೊದಲ ಪರೀಕ್ಷೆ

ಅದೇ ದಿನ ಇನ್ನೊಂದು ಘಟನೆ ನಡೆಯಿತು. ಅಮೆರಿಕದ ಮಿಕೇಲಾ ಶಿಫ್ರಿನ್ ಆ ಹೊತ್ತಿಗೆ ವಿಶ್ವಕಪ್ ಸ್ಲಾಲಮ್‌ಗಳಲ್ಲೇ 47 ಸಲ ಗೆದ್ದಿದ್ದವರು. ಮೊದಲ ಓಟದಲ್ಲಿ ಸುಮಾರು ಐದು ಸೆಕೆಂಡ್ ಆಗಿತ್ತು, ಅಷ್ಟೇ. ದಾರಿ ತಪ್ಪಿ ಹೊರಗೆ ಹೋದರು. ಬದಿಯಲ್ಲಿ ಹಿಮದ ಮೇಲೆ ತಲೆ ತಗ್ಗಿಸಿ ಬಹಳ ಹೊತ್ತು ಕುಳಿತೇ ಇದ್ದರು. ಇದೇ ಶಿಫ್ರಿನ್ 2014ರ ಸೋಚಿಯಲ್ಲಿ, 18ನೇ ವಯಸ್ಸಿನಲ್ಲಿ, ಎರಡನೇ ಓಟದ ಮಧ್ಯೆ ಒಂದು ಸ್ಕೀ ಗಾಳಿಗೆ ಎದ್ದರೂ ಬೀಳದೆ ಸಾವರಿಸಿಕೊಂಡು 0.53 ಸೆಕೆಂಡ್ ಅಂತರದಲ್ಲಿ ಚಿನ್ನ ಗೆದ್ದಿದ್ದರು. ಎರಡೂ ವಿಡಿಯೋ ಒಟ್ಟಿಗೆ ನೋಡಿ. ಸೋಚಿಯ ತಪ್ಪು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಬೀಜಿಂಗ್‌ನದ್ದು ಚಿಕ್ಕದು. ಆದರೆ ಸೋಚಿಯಲ್ಲಿ ಮುಂದಿನ ಗೇಟಿಗೆ ಕಾಲು ತಲುಪಿತು, ಬೀಜಿಂಗ್‌ನಲ್ಲಿ ತಲುಪಲಿಲ್ಲ.

ಆದ್ದರಿಂದ ಫಲಿತಾಂಶದ ಪಟ್ಟಿಯಲ್ಲಿ ಕೊನೆಯಲ್ಲಿರುವ ಹೆಸರುಗಳನ್ನು ಬಿಟ್ಟು ಹೋಗಬೇಡಿ ಅನ್ನುತ್ತೇನೆ. 1988ರ ಕ್ಯಾಲ್ಗರಿ ಪಟ್ಟಿ ತೆಗೆಯಿರಿ. ಮೇಲೆ ಸ್ವಿಟ್ಜರ್‌ಲೆಂಡಿನ ವ್ರೆನಿ ಶ್ನೈಡರ್. ಎರಡನೆಯವರಿಗಿಂತ ಒಂದೂವರೆ ಸೆಕೆಂಡಿಗೂ ಜಾಸ್ತಿ ಮುಂದೆ. ಸ್ಲಾಲಮ್‌ನಲ್ಲಿ ಅದು ಬಹಳ ದೊಡ್ಡ ಅಂತರ ಅಂತ ಈಗ ನಿಮಗೇ ಗೊತ್ತು. ಹಾಗೇ ಕೆಳಗೆ ಇಳಿಯಿರಿ. 28ನೇ ಸ್ಥಾನದಲ್ಲಿ ಶೈಲಜಾ ಕುಮಾರ್, ಭಾರತ. ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ನಮ್ಮ ದೇಶದ ಮೊದಲ ಮಹಿಳೆ. ಎಷ್ಟೋ ಜನ ಅರ್ಧದಲ್ಲೇ ಗೇಟು ತಪ್ಪಿದ ಆ ಸ್ಪರ್ಧೆಯಲ್ಲಿ ಅವರು ಎರಡು ಸಲವೂ ಪ್ರತಿ ಗೇಟನ್ನೂ ದಾಟಿ ಕೆಳಗೆ ಬಂದಿದ್ದರು.