ನಮ್ಮ ದೇಹದಲ್ಲಿ ಸ್ಪೀಡೋಮೀಟರ್ ಇಲ್ಲ

ತಂಗಿ ಗಾಲ್ಫ್ ಜಿಟಿಐ ತೊಗೊಂಡಿದ್ದಾಳೆ. ಫೋಕ್ಸ್‌ವ್ಯಾಗನ್ 2025ರ ಮೇ ತಿಂಗಳಲ್ಲಿ ಈ ಕಾರನ್ನು ಭಾರತದಲ್ಲಿ ಬಿಡುಗಡೆ ಮಾಡಿದಾಗ ಮೊದಲ ಕಂತಿನಲ್ಲಿ ಇಡೀ ದೇಶಕ್ಕೆ ಬಂದದ್ದು ಬರೀ 150 ಗಾಡಿ. ಜರ್ಮನಿಯಲ್ಲೇ ಪೂರ್ತಿ ತಯಾರಾಗಿ ಬರುತ್ತದೆ, ಆಗ ಎಕ್ಸ್-ಶೋರೂಮ್ ಬೆಲೆಯೇ 53 ಲಕ್ಷ ಇತ್ತು. ಮನೆಗೆ ಬಂದವರು ಮೊದಲು ಕೇಳುವುದು "ಇಷ್ಟು ದುಡ್ಡಿಗೆ ದೊಡ್ಡ ಎಸ್‌ಯುವಿನೇ ಬರ್ತಿತ್ತಲ್ವಾ" ಅಂತ. ಆಮೇಲೆ ಕೇಳುವುದು "ಈ ಊರಿನ ಟ್ರಾಫಿಕ್‌ನಲ್ಲಿ ಇದನ್ನ ಎಲ್ಲಿ ಓಡಿಸ್ತೀರಾ?"

ಎರಡನೇ ಪ್ರಶ್ನೆ ಕೇಳಬೇಕಾದದ್ದೇ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಿತ್ತು. ಅಂದರೆ ಗಂಟೆಗೆ ಸುಮಾರು 21 ಕಿ.ಮೀ. ಏರ್‌ಪೋರ್ಟ್ ರಸ್ತೆಗೆ ಹೋದರೂ 80 ದಾಟುವ ಹಾಗಿಲ್ಲ. ಹಾಗಿರುವಾಗ 265 ಅಶ್ವಶಕ್ತಿ ಇಟ್ಟುಕೊಂಡು ಏನು ಮಾಡುವುದು?

ಓಡಿಸಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇದು: ಇಂಥ ಕಾರಿನ ಖುಷಿ ವೇಗದಲ್ಲಿ ಇಲ್ಲವೇ ಇಲ್ಲ. ವೇಗ ಬದಲಾಗುವುದರಲ್ಲಿ ಇದೆ. ಇದು ನನ್ನೊಬ್ಬಳ ರುಚಿಯ ಮಾತಲ್ಲ, ನಮ್ಮೆಲ್ಲರ ಕಿವಿಯೊಳಗಿನ ರಚನೆಯ ಮಾತು.

ನಮ್ಮ ಮೆಟ್ರೋದಲ್ಲಿ ನಿಂತು ಹೋಗುವಾಗ ಗಮನಿಸಿ. ರೈಲು ನಿಲ್ದಾಣ ಬಿಡುವಾಗ ಕಂಬ ಹಿಡಿಯಬೇಕು, ನಿಲ್ಲುವಾಗ ಹಿಡಿಯಬೇಕು. ನಡುವೆ ಒಂದೇ ಸಮನೆ ಓಡುತ್ತಿರುವಾಗ, ಅದೂ ಸುರಂಗದಲ್ಲಿ ಹೊರಗಿನದೇನೂ ಕಾಣದಿದ್ದಾಗ, ಎಷ್ಟು ವೇಗದಲ್ಲಿದ್ದೇವೆ ಅಂತ ಹೇಳಲು ದೇಹಕ್ಕೆ ಯಾವ ದಾರಿಯೂ ಇಲ್ಲ. ವಿಮಾನದಲ್ಲಿ ಗಂಟೆಗೆ 800-900 ಕಿ.ಮೀ. ವೇಗದಲ್ಲಿ ಆರಾಮಾಗಿ ಕಾಫಿ ಕುಡಿಯುತ್ತೇವೆ. ಕಣ್ಣು ಹೊರಗೆ ನೋಡಿ ವೇಗವನ್ನು ಅಂದಾಜು ಮಾಡುತ್ತದೆ ಅಷ್ಟೇ. ದೇಹದೊಳಗೆ ವೇಗ ಅಳೆಯುವ ಅಂಗ ಇಲ್ಲ.

ವೇಗದ ಬದಲಾವಣೆಯನ್ನು ಅಳೆಯುವ ಅಂಗ ಮಾತ್ರ ಇದೆ, ಮತ್ತು ಬಹಳ ಸೊಗಸಾಗಿದೆ. ಒಳಕಿವಿಯಲ್ಲಿ, ಶಬ್ದ ಕೇಳಿಸಿಕೊಳ್ಳುವ ಶಂಖದ ಪಕ್ಕದಲ್ಲೇ, ಎರಡು ಪುಟ್ಟ ಚೀಲಗಳಿವೆ. ಒಂದೊಂದರಲ್ಲೂ ಲೋಳೆಯಂಥ ತೆಳು ಹಾಳೆ, ಅದರ ಮೇಲೆ ಹಾಲುಬಾಯಿಯ ಮೇಲೆ ಗಸಗಸೆ ಉದುರಿಸಿದ ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು, ಅಂದರೆ ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ. ತಲೆ ಮುಂದಕ್ಕೆ ಚಿಮ್ಮಿದಾಗ ಭಾರದ ಹರಳುಗಳು ಒಂದು ಕ್ಷಣ ಹಿಂದೆ ಉಳಿಯುತ್ತವೆ, ಲೋಳೆ ವಾಲುತ್ತದೆ, ಅದರ ಕೆಳಗೆ ನಾಟಿಕೊಂಡ ಸೂಕ್ಷ್ಮ ಕೂದಲುಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ವೇಗ ಒಂದೇ ಸಮ ಆಯಿತೋ, ಎಲ್ಲ ಮೊದಲಿನ ಹಾಗೆ ನೆಟ್ಟಗಾಗುತ್ತದೆ. ಸುದ್ದಿಯೂ ನಿಂತಿತು. ಗಂಟೆಗೆ 30ರಲ್ಲಿ ನೆಟ್ಟಗಾದರೂ ಒಂದೇ, 130ರಲ್ಲಿ ಆದರೂ ಒಂದೇ.

ನಂದಿ ಬೆಟ್ಟದ ಕಡೆ ಬೆಳಗಿನ ಜಾವವೇ ಹೊರಟೆವು. ನಾನು ಸ್ಟಿಯರಿಂಗ್ ಹಿಂದೆ, ತಂಗಿ ಪಕ್ಕದಲ್ಲಿ, ಅಮ್ಮ ಹಿಂದಿನ ಸೀಟಿನಲ್ಲಿ. ಹೆಬ್ಬಾಳ ದಾಟಿ, ಮುಂದೆ ಹಿಂದೆ ಯಾರೂ ಇಲ್ಲದ ಒಂದು ಕಡೆ ಗಾಡಿಯನ್ನು ತೀರಾ ನಿಧಾನ ಮಾಡಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಮೊದಲು ಬೆನ್ನಿನ ಕೆಳಭಾಗ ಸೀಟಿಗೆ ಅಂಟಿತು, ಆಮೇಲೆ ಭುಜ, ಕೊನೆಗೆ ತಲೆ ಹೆಡ್‌ರೆಸ್ಟ್‌ಗೆ ತಾಗಿತು. ಹೊಟ್ಟೆ ಮಾತ್ರ ಹಿಂದೆಯೇ ಉಳಿಯಿತು ಅನ್ನುವ ಹಾಗಿತ್ತು. ರಸ್ತೆ ಸಪಾಟಾಗಿದ್ದರೂ ಕಾರಿನ ಮೂತಿ ಮೇಲಕ್ಕೆ ಎದ್ದ ಹಾಗೆ, ಫ್ಲೈಓವರ್ ಹತ್ತುತ್ತಿದ್ದೇವೇನೋ ಅನ್ನುವ ಹಾಗೆ ಅನಿಸಿತು. ಅಷ್ಟರಲ್ಲಿ ತಂಗಿ, "ಅಕ್ಕ, ಎಂಬತ್ತಾಯ್ತು, ಬಿಡು" ಅಂದಳು. ಬಿಟ್ಟೆ.

ಆ ಮೂತಿ ಎದ್ದ ಅನುಭವಕ್ಕೆ ಲೆಕ್ಕ ಇದೆ. ಈ ಕಾರು ಸೊನ್ನೆಯಿಂದ 100 ಕಿ.ಮೀ.ಗೆ 5.9 ಸೆಕೆಂಡಿನಲ್ಲಿ ಮುಟ್ಟುತ್ತದೆ ಅಂತ ಕಂಪನಿ ಹೇಳುತ್ತದೆ. ಭಾಗಿಸಿದರೆ ಪ್ರತಿ ಸೆಕೆಂಡಿಗೆ ಸುಮಾರು 4.7 ಮೀಟರ್‌ನಷ್ಟು ವೇಗ ಏರುತ್ತಾ ಹೋಗುತ್ತದೆ, ಅಂದರೆ ಗುರುತ್ವದ ಅರ್ಧಕ್ಕೆ ಸ್ವಲ್ಪ ಕಡಿಮೆ. ಕಿವಿಯ ಹರಳಿಗೆ ಗುರುತ್ವ ಯಾವುದು, ವೇಗ ಏರುವುದರಿಂದ ಬಂದ ಒತ್ತಡ ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ. ಅದಕ್ಕೇನು, ಯಾವ ಉಪಕರಣಕ್ಕೂ ಬರುವುದಿಲ್ಲ. ಇವೆರಡರ ನಡುವೆ ವ್ಯತ್ಯಾಸವೇ ಕಾಣದು ಅನ್ನುವ ಈ ವಿಚಾರ ಐನ್‌ಸ್ಟೈನ್‌ಗೆ ಹೊಳೆದದ್ದು 1907ರಲ್ಲಿ, ಅವರ ಗುರುತ್ವದ ಸಿದ್ಧಾಂತ ಶುರುವಾದದ್ದೇ ಅಲ್ಲಿಂದ. ಕೆಳಗೆ ಎಳೆಯುವ ಗುರುತ್ವ, ಹಿಂದಕ್ಕೆ ಒತ್ತುವ ಅದರ ಅರ್ಧದಷ್ಟು ಬಲ, ಎರಡನ್ನೂ ಕೂಡಿಸಿದರೆ "ಕೆಳಗೆ" ಅನ್ನುವ ದಿಕ್ಕೇ ಸುಮಾರು 25 ಡಿಗ್ರಿ ಹಿಂದಕ್ಕೆ ವಾಲಿಬಿಡುತ್ತದೆ. ಮಿದುಳು ಅದನ್ನು ಏರು ಅಂತ ಓದುತ್ತದೆ. ಕತ್ತಲಲ್ಲಿ ಟೇಕಾಫ್ ಆಗುವ ವಿಮಾನದ ಪೈಲಟ್‌ಗಳಿಗೆ ಇದೇ ಭ್ರಮೆ ಅಪಾಯ ತರುತ್ತದೆ. ಮೂತಿ ಜಾಸ್ತಿ ಎದ್ದಿದೆ ಅಂದುಕೊಂಡು ಕೆಳಗೆ ಒತ್ತಿಬಿಡುವ ಸಾಧ್ಯತೆ ಇರುವುದರಿಂದ ಮೀಟರ್ ನಂಬಿ, ದೇಹವನ್ನು ನಂಬಬೇಡಿ ಅಂತ ಅವರಿಗೆ ತರಬೇತಿಯಲ್ಲೇ ಹೇಳಿಕೊಡುತ್ತಾರೆ.

ಇಷ್ಟೆಲ್ಲ ಆದದ್ದು 80ರ ಮಿತಿಯೊಳಗೇ, ನೋಡಿ.

ಆ ತಳ್ಳು ಅಷ್ಟು ಬೇಗ ಸಿಗಲು ಕಾರಣ ಟರ್ಬೊ. ಎರಡು ಲೀಟರಿನ ಎಂಜಿನ್, 370 ನ್ಯೂಟನ್ ಮೀಟರ್ ಟಾರ್ಕ್ (ಅಂದರೆ ತಿರುಗಿಸುವ ಬಲ), ಅದೂ 1600 ಆರ್‌ಪಿಎಂನಿಂದಲೇ, ಎಂಜಿನ್ ನಿಮಿಷಕ್ಕೆ 1600 ಸುತ್ತು ಸುತ್ತುವಾಗಲೇ, ಪೂರ್ತಿ ಸಿಗುತ್ತದೆ. ನಗರದಲ್ಲಿ ನಾವು ಓಡಿಸುವುದೇ ಆ 1500-2500ರ ಆಸುಪಾಸಿನಲ್ಲಿ ಅಲ್ವಾ, ಹಾಗಾಗಿ ನನ್ನ ಪ್ರಕಾರ ಈ ಊರಿನವರು ಕಾರು ಕೊಳ್ಳುವಾಗ ಅಶ್ವಶಕ್ತಿಯ ಅಂಕಿಗಿಂತ ಟಾರ್ಕ್ ಯಾವ ಆರ್‌ಪಿಎಂನಲ್ಲಿ ಶುರುವಾಗುತ್ತದೆ ಅನ್ನುವುದನ್ನೇ ಮೊದಲು ನೋಡಬೇಕು. ಟರ್ಬೊ ಮಾಡುವ ಕೆಲಸ ಸರಳ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸುವುದು, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಗಾಳಿ ಜಾಸ್ತಿ ಹೋದರೆ ಪೆಟ್ರೋಲನ್ನೂ ಜಾಸ್ತಿ ಉರಿಸಬಹುದು. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಶಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ಸುತ್ತುತ್ತದೆ ಅನ್ನುವುದು ನನಗೆ ಈಗಲೂ ಮೈ ಜುಮ್ಮೆನ್ನಿಸುವ ವಿಷಯ.

ಬೆಂಗಳೂರಿಗೆ ಟರ್ಬೊ ಇನ್ನೊಂದು ಉಪಕಾರ ಮಾಡುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ ಶೇ. 10ರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರು ಇಲ್ಲಿ ಸುಮ್ನೆ ನಿಂತಲ್ಲೇ ತನ್ನ ಶಕ್ತಿಯ ಹತ್ತನೇ ಒಂದು ಭಾಗದಷ್ಟನ್ನು ಕಳೆದುಕೊಂಡಿರುತ್ತದೆ. 1,478 ಮೀಟರ್ ಎತ್ತರದ ನಂದಿಯ ತುದಿಗೆ ಹೋದರೆ ಆರನೇ ಒಂದು ಭಾಗದಷ್ಟು. ನಮ್ಮ ಮನೆಯ ಹಳೇ ಹ್ಯಾಚ್‌ಬ್ಯಾಕ್ ಬೆಟ್ಟ ಹತ್ತುವಾಗ ಉಸಿರು ಕಟ್ಟಿದ ಹಾಗೆ ಆಡುತ್ತಿತ್ತಲ್ಲ, ಅದಕ್ಕೆ ಏರು ಎಷ್ಟು ಕಾರಣವೋ ತೆಳು ಗಾಳಿಯೂ ಅಷ್ಟಿಷ್ಟು ಕಾರಣ. ಟರ್ಬೊ ಇದ್ದರೆ ಗಾಳಿ ತೆಳುವಾದಷ್ಟೂ ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಗೇರ್‌ಬಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಕ್ಲಚ್, ಏಳು ಗೇರ್. 1, 3, 5, 7 ಒಂದು ಕ್ಲಚ್ಚಿಗೆ, 2, 4, 6 ಇನ್ನೊಂದಕ್ಕೆ. ಮುಂದಿನ ಗೇರ್ ಮೊದಲೇ ಸಿದ್ಧವಾಗಿರುವುದರಿಂದ ಬದಲಾಗುವಾಗ ತಳ್ಳು ಕಡಿಯುವುದಿಲ್ಲ, ಕುತ್ತಿಗೆ ಮುಂದಕ್ಕೆ ಬಾಗುವುದಿಲ್ಲ. ಮಾರಾಟದ ಕಾರಿಗೆ ಇದು ಮೊದಲು ಬಂದದ್ದೂ ಇನ್ನೊಂದು ಗಾಲ್ಫ್‌ನಲ್ಲೇ, 2003ರ ಆರ್32. ಆದರೆ ಸಿಲ್ಕ್ ಬೋರ್ಡ್ ಕಡೆ ಇಂಚಿಂಚು ತೆವಳುವಾಗ ಆಕ್ಸಿಲರೇಟರ್ ಮುಟ್ಟಿದ ಮೇಲೆ ಅರೆಗಳಿಗೆ ಯೋಚಿಸಿ ಆಮೇಲೆ ಮುಂದೆ ಹೋಗುತ್ತದೆ. ಅಲ್ಲಿ ಹಳೇ ಮಾದರಿಯ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ಕೇ ವಾಸಿ, ನನಗಂತೂ.

ನಿಜವಾದ ಪಾಠ ಸಿಕ್ಕಿದ್ದು ಬೆಟ್ಟದ ತಿರುವುಗಳಲ್ಲಿ. ತಿರುವಿನಲ್ಲಿ ವೇಗ ಏರದಿದ್ದರೂ ದಿಕ್ಕು ಬದಲಾಗುತ್ತದೆ, ಕಿವಿಯ ಹರಳಿಗೆ ಅದೂ ಬದಲಾವಣೆಯೇ. ಪಕ್ಕಕ್ಕೆ ಎಷ್ಟು ತಳ್ಳುತ್ತದೆ ಅನ್ನುವುದಕ್ಕೆ ಶಾಲೆಯಲ್ಲಿ ಕಲಿತ ಸೂತ್ರ ಸಾಕು: ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಬೇಕು. 20 ಮೀಟರ್ ತ್ರಿಜ್ಯದ ಬಿಗಿ ತಿರುವು ಅಂದುಕೊಳ್ಳಿ. ಗಂಟೆಗೆ 40 ಕಿ.ಮೀ.ನಲ್ಲಿ ಹೋದರೆ ಪಕ್ಕದ ತಳ್ಳು ಗುರುತ್ವದ ಶೇ. 60ಕ್ಕಿಂತ ಸ್ವಲ್ಪ ಜಾಸ್ತಿ. ಆಗಲೇ ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಕ್ಕದ್ದಕ್ಕಿಂತ ಹೆಚ್ಚು! ಅದೇ ತಿರುವಿಗೆ 50ರಲ್ಲಿ ನುಗ್ಗಿದರೆ ಗುರುತ್ವದ ಹೆಚ್ಚುಕಮ್ಮಿ ಪೂರ್ತಿ ಪಾಲು, ಅಂದರೆ ಒಣ ರಸ್ತೆಯಲ್ಲಿ ಒಳ್ಳೇ ಟೈರು ಹಿಡಿಯಬಲ್ಲ ಕೊನೆಯ ಅಂಚು. ನಡುವೆ ಇರುವುದು ಹತ್ತೇ ಕಿ.ಮೀ. ಬೆಳಿಗ್ಗೆ ಅಲ್ಲಿ ಸೈಕಲ್ ಹತ್ತಿಸುವವರು ಇರುತ್ತಾರೆ, ಮಂಜು ಬಿದ್ದು ರಸ್ತೆ ಒದ್ದೆ ಇರುತ್ತದೆ, ಕೋತಿ ಅಡ್ಡ ಬರುತ್ತದೆ. ನಾನು 30ರಲ್ಲೇ ತಿರುಗಿಸಿದೆ, ಅದರಲ್ಲೇ ಈ ಕಾರಿನ ಜಾಣತನ ಗೊತ್ತಾಯಿತು.

ಜಾಣತನ ಇರುವುದು ಮುಂದಿನ ಆಕ್ಸಲ್‌ನಲ್ಲಿ. ಎಂಜಿನ್ ತಿರುಗಿಸುವುದೂ ಮುಂದಿನ ಚಕ್ರ, ಸ್ಟಿಯರಿಂಗ್ ತಿರುಗುವುದೂ ಅದೇ ಚಕ್ರ, ಟೈರಿನ ಹಿಡಿತವನ್ನು ಇಬ್ಬರೂ ಹಂಚಿಕೊಳ್ಳಬೇಕು. ತಿರುವಿನಲ್ಲಿ ಗಾಡಿಯ ಭಾರ ಹೊರಗಿನ ಚಕ್ರದ ಮೇಲೆ ಕೂರುತ್ತದೆ, ಒಳಗಿನ ಚಕ್ರ ಹಗುರಾಗುತ್ತದೆ. ಎಂಜಿನ್ನಿನ ಬಲವನ್ನು ಎಡ-ಬಲ ಚಕ್ರಕ್ಕೆ ಹಂಚುವ ಮಾಮೂಲಿ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮ ಟಾರ್ಕ್ ಕೊಡುವುದರಿಂದ ಹಗುರಾದ ಚಕ್ರ ಹಿಡಿತ ಬಿಟ್ಟು ಸುಮ್ನೆ ಗಿರಗಿರ ತಿರುಗುತ್ತದೆ, ಮೂತಿ ಹೊರಗೆ ಜಾರುತ್ತದೆ. ಜಿಟಿಐನಲ್ಲಿ ನಡುವೆ ಒಂದು ಕ್ಲಚ್ ಇದೆ, ಕಂಪ್ಯೂಟರ್ ಅದನ್ನು ಬೇಕಾದಷ್ಟೇ ಬಿಗಿ ಮಾಡಿ ಹೊರಗಿನ ಚಕ್ರಕ್ಕೆ ಹೆಚ್ಚು ಟಾರ್ಕ್ ಕಳಿಸುತ್ತದೆ. ಹೊರಚಕ್ರ ಜಾಸ್ತಿ ತಳ್ಳಿದರೆ ಕಾರು ತಾನಾಗೇ ಒಳಗೆ ತಿರುಗಲೇಬೇಕಲ್ಲ. ತಿರುವಿನ ನಡುವೆ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದರೆ ಮೂತಿ ಹೊರಗೆ ಹೋಗುವ ಬದಲು ಒಳಗೆ ಸೆಳೆಯುವುದು ಕೈಗೆ ತಿಳಿಯುತ್ತದೆ. ಎಷ್ಟೋ ವರ್ಷದ ಅಭ್ಯಾಸಕ್ಕೆ ಉಲ್ಟಾ ಆದದ್ದರಿಂದ ಮೊದಲು ನಂಬಲೇ ಆಗಲಿಲ್ಲ.

ಬೆಲೆ ತೆರುವುದು ವಾಪಸ್ ಊರಿಗೆ ಬಂದಾಗ. ಟೈರಿನ ಮೇಲೆ 225/40 ಆರ್18 ಅಂತ ಬರೆದಿದೆ. ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 40, ಅಂದರೆ ಬರೀ 90 ಮಿಲಿಮೀಟರ್. ಗೋಡೆ ಗಿಡ್ಡ ಮತ್ತು ಬಿಗಿ ಇದ್ದರೆ ಸ್ಟಿಯರಿಂಗ್ ಅಲ್ಲಾಡಿಸಿದ ಕೂಡಲೇ ಟೈರು ಮಾತು ಕೇಳುತ್ತದೆ. ಅದೇ ಗೋಡೆ ಗುಂಡಿಗೆ ಬಿದ್ದಾಗ ಅಲಾಯ್ ಚಕ್ರಕ್ಕೂ ಗುಂಡಿಯ ಅಂಚಿಗೂ ನಡುವೆ ಉಳಿಯುವ ಏಕೈಕ ರಕ್ಷಣೆ. ಮಳೆ ನೀರು ತುಂಬಿದ ಗುಂಡಿಯ ಆಳ ಯಾರಿಗೆ ಗೊತ್ತು? ತಂಗಿ ಈಗಾಗಲೇ ಆಫೀಸಿಗೆ ಹೋಗುವ ದಾರಿಯ ಗುಂಡಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾಳೆ.

ಅಮ್ಮನಿಗೆ ಬೆಟ್ಟದ ಅರ್ಧ ದಾರಿಯಲ್ಲೇ ತಲೆ ಸುತ್ತಿತು. ಹಿಂದೆ ಕೂತು ಮೊಬೈಲಿನಲ್ಲಿ ಮೆಸೇಜ್ ಓದುತ್ತಿದ್ದರು. ಕಣ್ಣು ಹೇಳುತ್ತದೆ ಎಲ್ಲ ಅಲ್ಲಾಡದೆ ನಿಂತಿದೆ ಅಂತ, ಒಳಕಿವಿ ಹೇಳುತ್ತದೆ ಎಡಕ್ಕೆ ಹೋದೆ ಬಲಕ್ಕೆ ಹೋದೆ ಅಂತ. ಎರಡೂ ಸಾಕ್ಷಿ ತಾಳೆಯಾಗದಿದ್ದಾಗ ವಾಂತಿ ಬಂದ ಹಾಗಾಗುತ್ತದೆ. ಓಡಿಸುವವರಿಗೆ ಇದು ಬಹಳ ಅಪರೂಪ, ಏಕೆಂದರೆ ಸ್ಟಿಯರಿಂಗ್ ತಿರುಗಿಸುವ ಮೊದಲೇ ಮಿದುಳಿಗೆ ಮುಂದೆ ಏನಾಗಲಿದೆ ಅಂತ ಗೊತ್ತಿರುತ್ತದೆ. ನನಗೆ ಖುಷಿ ಕೊಟ್ಟ ಹರಳುಗಳೇ ಅಮ್ಮನಿಗೆ ಕಾಟ ಕೊಟ್ಟವು. ಗಾಡಿ ನಿಲ್ಲಿಸಿ, ಸೀಟು ಬದಲಾಯಿಸಿ, ಮುಂದೆ ಕೂರಿಸಿ ದೂರದ ಬಂಡೆ ನೋಡುತ್ತಿರಲು ಹೇಳಿದ ಮೇಲೆ ಸುಧಾರಿಸಿಕೊಂಡರು.

ಬ್ರೇಕ್ ಬಗ್ಗೆ ಹೇಳಲೇಬೇಕು. ಬಹುಪಾಲು ಕಾರುಗಳಲ್ಲಿ ಎಂಜಿನ್ನಿನ ತಳ್ಳಿಗಿಂತ ಬ್ರೇಕಿನ ತಳ್ಳೇ ದೊಡ್ಡದು. ಈ ಕಾರಿನಲ್ಲಿ ಎಂಜಿನ್ ತಳ್ಳುವುದು ಎರಡು ಚಕ್ರದಿಂದ, ಬ್ರೇಕ್ ಹಿಡಿಯುವುದು ನಾಲ್ಕು ಚಕ್ರದಿಂದ. ಒಣ ರಸ್ತೆಯಲ್ಲಿ ಪೂರ್ತಿ ಒತ್ತಿದರೆ ಗುರುತ್ವದಷ್ಟೇ ಬಲ ಸಿಗಬಹುದು, 80ರಿಂದ ನಿಲ್ಲಲು ಸುಮಾರು 25 ಮೀಟರ್. ಆದರೆ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 22 ಮೀಟರ್ ಮುಂದೆ ಹೋಗಿಯಾಗಿರುತ್ತದೆ. 53 ಲಕ್ಷ ಕೊಟ್ಟರೂ ಆ ಒಂದು ಸೆಕೆಂಡ್ ಕಡಿಮೆಯಾಗುವುದಿಲ್ಲ.

ಇದನ್ನೆಲ್ಲ ನೋಡಲು ಜಿಟಿಐ ಬೇಕಿಲ್ಲ. ನಿಮ್ಮ ಫೋನಿನೊಳಗೂ ಒಂದು ಹರಳಿದೆ, ಸಿಲಿಕಾನ್‌ನಲ್ಲಿ ಕೊರೆದ ಸ್ಪ್ರಿಂಗ್‌ಗೆ ತೂಗುಬಿಟ್ಟ ಪುಟ್ಟ ಭಾರ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿ. ಫೋನನ್ನು ಮೇಜಿನ ಮೇಲೆ ಮಲಗಿಸಿದರೆ ಅಲ್ಲಾಡದಿದ್ದರೂ ಅದು ಬೆಂಗಳೂರಿನ ಗುರುತ್ವವನ್ನು, ಸುಮಾರು 9.78 ಅಂತ, ತೋರಿಸುತ್ತಲೇ ಇರುತ್ತದೆ. ಕಿವಿಗಿರುವ ಗೊಂದಲವೇ ಅದಕ್ಕೂ ಇದೆ. ಆಮೇಲೆ ಬಿಎಂಟಿಸಿ ಬಸ್ಸಿನಲ್ಲಿ ಕೂತು ಕಾಲಿನ ಮೇಲೆ ಸಪಾಟಾಗಿ ಹಿಡಿದುಕೊಂಡು ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ರೆಕಾರ್ಡ್ ಮಾಡಿ. ಫೋನಿನ ತಲೆ ಬಸ್ಸು ಹೋಗುವ ದಿಕ್ಕಿಗಿರಲಿ, ಆಗ ವೈ ಅಂತ ಬರೆದ ಗೆರೆಯಲ್ಲಿ ಡ್ರೈವರ್ ಕ್ಲಚ್ ಬಿಟ್ಟದ್ದು, ಗೇರ್ ಹಾಕಿದ್ದು, ಬ್ರೇಕ್ ಒತ್ತಿದ್ದು ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತದೆ.