ಯಾರ ಗಡಿಯಾರ ನಿಧಾನ? ಮ್ಯೂಆನ್ ಹೇಳಿದ ಉತ್ತರ

ಮುಂಬಯಿ ಬಳಿಯ ಡೊಂಬಿವಲಿಯ ಕನ್ನಡ ಮಕ್ಕಳಿಗೆ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ಪಾಠ ಹೇಳಿದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: "ಓಡುವವರ ಗಡಿಯಾರ ನಿಧಾನ ಅಂತೀರಿ. ಅವರ ಲೆಕ್ಕದಲ್ಲಿ ಓಡುತ್ತಿರುವುದು ನಾವು ಅಲ್ವಾ? ಹಾಗಾದರೆ ಯಾರದು ನಿಧಾನ?" ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ವಿಷಯದಲ್ಲಿ ಇಲ್ಲ. ಅದರ ಹಿಂದೆ ಮುನ್ನೂರು ವರ್ಷಗಳ ಕಥೆಯಿದೆ. ಕಥೆಯ ಒಂದು ಎಳೆ ಮುಂಬಯಿಗೂ ಬರುತ್ತದೆ.

1632ರಲ್ಲಿ ಗೆಲಿಲಿಯೋ ಬರೆದದ್ದು ಇಷ್ಟೇ: ಹಡಗು ಒಂದೇ ವೇಗದಲ್ಲಿ ನೇರವಾಗಿ ಸಾಗುತ್ತಿದ್ದರೆ, ಒಳಗೆ ಕೂತವರು ಯಾವ ಪ್ರಯೋಗ ಮಾಡಿದರೂ ಅದು ಓಡುತ್ತಿದೆ ಎಂದು ತಿಳಿಯದು. ದಾದರ್ ನಿಲ್ದಾಣದಲ್ಲಿ ಪಕ್ಕದ ಲೋಕಲ್ ರೈಲು ಜಾರಿದಾಗ ಹೊರಟದ್ದು ಅದಾ ನಮ್ಮದಾ ಎಂದು ಗೊಂದಲವಾಗುತ್ತದಲ್ಲ, ಅದೇ ವಿಷಯ. ತೊಂದರೆ ಶುರುವಾದದ್ದು ಬೆಳಕಿನಿಂದ. 1860ರ ದಶಕದಲ್ಲಿ ವಿದ್ಯುತ್ತು, ಕಾಂತತ್ವಗಳನ್ನು ವಿವರಿಸುವ ಮ್ಯಾಕ್ಸ್‌ವೆಲ್ ಸಮೀಕರಣಗಳು ಬೆಳಕಿಗೆ ಒಂದು ಖಚಿತ ವೇಗ ಕೊಟ್ಟವು, ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಯಾರ ಲೆಕ್ಕದಲ್ಲಿ? ಎಲ್ಲೆಡೆ ತುಂಬಿದೆ ಎಂದು ಊಹಿಸಿದ್ದ, ಬೆಳಕನ್ನು ಹೊತ್ತೊಯ್ಯುವ 'ಈಥರ್‌'ನ ಲೆಕ್ಕದಲ್ಲಿ ಎಂದರು. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿ ಆ ಈಥರ್‌ನಲ್ಲಿ ಭೂಮಿಯ ಓಟ ಹುಡುಕಿದರು. ಏನೂ ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಈಥರನ್ನೇ ಬಿಟ್ಟುಬಿಟ್ಟರು. ತಮ್ಮ ತಮ್ಮ ವೇಗ ಬದಲಿಸದೆ ನೇರವಾಗಿ ಸಾಗುವ ಎಲ್ಲರಿಗೂ ನಿಯಮ ಒಂದೇ, ಬೆಳಕಿನ ವೇಗವೂ ಒಂದೇ ಎಂದರು. ಅದನ್ನು ಒಪ್ಪಿದರೆ ಕಾಲ, ದೂರ ಎರಡೂ ನೋಡುವವರಿಗೆ ತಕ್ಕಂತೆ ಬದಲಾಗಬೇಕು.

ಆದರೆ ಅಷ್ಟು ವೇಗದಲ್ಲಿ ಓಡುವ ಗಡಿಯಾರ ಎಲ್ಲಿದೆ? 1938ರಲ್ಲಿ, ಕೇಂಬ್ರಿಡ್ಜ್‌ನಲ್ಲಿದ್ದ ಮುಂಬಯಿಯ ಹುಡುಗ ಹೋಮಿ ಭಾಭಾ ಒಂದನ್ನು ತೋರಿಸಿದರು. ಬಾಹ್ಯಾಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಜೊತೆ ಬರುವ, ಆಯಸ್ಸು ಕಡಿಮೆಯಿರುವ ಕಣವೇ ಒಂದು ಗಡಿಯಾರ. ಅದು ವೇಗವಾಗಿ ಓಡಿದರೆ ಸಾಪೇಕ್ಷತೆಯ ಪ್ರಕಾರ ಹೆಚ್ಚು ಹೊತ್ತು ಬದುಕಬೇಕು ಎಂದರು. 1940ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಬ್ರೂನೋ ರೋಸ್ಸಿ ಮತ್ತು ಡೇವಿಡ್ ಹಾಲ್ ಬೇರೆ ಬೇರೆ ಎತ್ತರಗಳಲ್ಲಿ ಅಳೆದು ನೋಡಿದರು. ಹೌದು, ವೇಗ ಜಾಸ್ತಿಯಿದ್ದ ಕಣಗಳು ಹೆಚ್ಚು ಹೊತ್ತು ಬಾಳುತ್ತಿದ್ದವು. ಆ ಕಣಗಳನ್ನೇ ಇಂದು ಮ್ಯೂಆನ್ ಅನ್ನುತ್ತೇವೆ.

ಲೆಕ್ಕ ಮಾಡಿಯೇ ನೋಡೋಣ. ನಿಂತ ಮ್ಯೂಆನ್‌ನ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್ (ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರೋಸೆಕೆಂಡ್). ಅಷ್ಟರಲ್ಲಿ ಬೆಳಕೇ ಸುಮಾರು 660 ಮೀಟರ್ ಸಾಗುತ್ತದೆ. 15 ಕಿ.ಮೀ. ಮೇಲೆ ಹುಟ್ಟಿದ ಮ್ಯೂಆನ್ ಬೆಳಕಿನ ವೇಗದ 99.8% ವೇಗದಲ್ಲಿ ಬಂದರೂ ನೆಲ ಮುಟ್ಟಲು 50 ಮೈಕ್ರೋಸೆಕೆಂಡ್ ಬೇಕು. ಕಾಲ ಎಲ್ಲರಿಗೂ ಒಂದೇ ಆಗಿದ್ದರೆ ನೂರು ಕೋಟಿಯಲ್ಲಿ ಒಂದು ಕೂಡ ಬರುತ್ತಿರಲಿಲ್ಲ. ನಮ್ಮ ಲೆಕ್ಕದಲ್ಲಿ ಅದರ ಗಡಿಯಾರ ಸುಮಾರು 16 ಪಟ್ಟು ನಿಧಾನ, 3.2 ಮೈಕ್ರೋಸೆಕೆಂಡ್ ಮಾತ್ರ ಕಳೆದಿರುತ್ತದೆ. ದಾರಿಯಲ್ಲಿ ವೇಗ ಕುಗ್ಗುವುದನ್ನು ಬಿಟ್ಟರೆ, ಕಾಲುಭಾಗದಷ್ಟು ಉಳಿದು ಬರುತ್ತವೆ.

ಪಾಠಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ಮಕ್ಕಳಿಗೆ ಅರ್ಧ ಕಥೆಯನ್ನಷ್ಟೇ ಹೇಳಿ ಬಿಡುವುದು ನನಗೆ ನಿಜಕ್ಕೂ ಬೇಸರದ ವಿಷಯ. ಈಗ ಮ್ಯೂಆನ್ ಕಡೆಯಿಂದ ನೋಡಿ. ಅದು ಸುಮ್ನೆ ನಿಂತಿದೆ. ಭೂಮಿಯೇ ಅದರತ್ತ ನುಗ್ಗಿ ಬರುತ್ತಿದೆ. ಓಡುವ ವಸ್ತುವಿನ ಉದ್ದ ಕುಗ್ಗುತ್ತದೆ, ಹಾಗಾಗಿ 15 ಕಿ.ಮೀ. ಗಾಳಿ ಅದಕ್ಕೆ ಕೇವಲ 950 ಮೀಟರ್. ಅದಕ್ಕೆ 3.2 ಮೈಕ್ರೋಸೆಕೆಂಡ್ ಸಾಕು. ಉಳಿಯುವ ಕಣಗಳ ಲೆಕ್ಕ ಇಬ್ಬರಿಗೂ ಒಂದೇ.

ಮಕ್ಕಳ ಪ್ರಶ್ನೆ ಇನ್ನೂ ಉಳಿಯಿತು. ಮ್ಯೂಆನ್ ಪ್ರಕಾರ ನಮ್ಮ ಗಡಿಯಾರ ನಿಧಾನ. ಆ ಹೊತ್ತಿನಲ್ಲಿ ಅದು 0.2 ಮೈಕ್ರೋಸೆಕೆಂಡ್ ಮಾತ್ರ ನಡೆಯಿತು. ಹಾಗಿದ್ದರೆ ನೆಲದ ಗಡಿಯಾರ 50 ತೋರಿಸಿದ್ದು ಹೇಗೆ? ಗುಟ್ಟು ಇರುವುದು 'ಒಂದೇ ಕ್ಷಣ' ಎಂಬ ಮಾತಿನಲ್ಲಿ. ಆ 50 ಅಳೆಯಲು ನಾವು ಮ್ಯೂಆನ್ ಹುಟ್ಟಿದ ಎತ್ತರದಲ್ಲಿ ಒಂದು, ನೆಲದಲ್ಲಿ ಒಂದು ಗಡಿಯಾರವನ್ನು ಸರಿಹೊಂದಿಸಿಯೇ ಇಟ್ಟಿದ್ದೆವು ಅಂದುಕೊಳ್ಳಿ. ಮ್ಯೂಆನ್‌ಗೆ ಅವು ಹೊಂದಿಲ್ಲ. ಅದು ಹುಟ್ಟಿದ ಕ್ಷಣದಲ್ಲೇ, ಅದರ ಲೆಕ್ಕದಲ್ಲಿ, ನೆಲದ ಗಡಿಯಾರ ಸುಮಾರು 50ರಷ್ಟು ಮುಂದಿತ್ತು. ಇಬ್ಬರ ಮಾತೂ ಸರಿ. ಜಗಳವೇ ಇಲ್ಲ.

ಭಾಭಾ 1939ರಲ್ಲಿ ರಜೆಗೆಂದು ಬಂದವರು ಯುದ್ಧದಿಂದಾಗಿ ಇಲ್ಲೇ ಉಳಿದರು. ಮೊದಲು ಬೆಂಗಳೂರು, 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಆಮೇಲೆ ಮುಂಬಯಿ. ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ 1948ರಲ್ಲಿ ಆ ಸಂಸ್ಥೆ ಸೇರಿದರು. ಮುಂದೆ ಅದರ ನಿರ್ದೇಶಕರೂ ಆದರು. 1950ರ ದಶಕದಲ್ಲಿ ಅವರು ಕೋಲಾರದ ಚಿನ್ನದ ಗಣಿಗೆ ಇಳಿದು, ಬಂಡೆ ತೂರಿ ಬರುವ ಮ್ಯೂಆನ್‌ಗಳನ್ನು ಎಣಿಸಿದರು. ಅದೇ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ (ಸುಲಭವಾಗಿ ಕೈಗೆ ಸಿಗದ ಸೂಕ್ಷ್ಮ ಕಣಗಳ) ಗುರುತು ಸಿಕ್ಕಿತು.

ಭಾಭಾ ಹೇಳಿದ ಗಡಿಯಾರವನ್ನು ಆಮೇಲೆ ಜಿನೀವಾದ ಸರ್ನ್ ಪ್ರಯೋಗಾಲಯ ಇನ್ನೂ ಬಿಗಿಯಾಗಿ ಪರೀಕ್ಷಿಸಿತು. ಉಂಗುರದಾಕಾರದ ಯಂತ್ರದಲ್ಲಿ ಸುತ್ತುವ ಮ್ಯೂಆನ್‌ಗಳ ಆಯಸ್ಸು 1977ರ ಫಲಿತಾಂಶದಲ್ಲಿ ಸುಮಾರು 64 ಮೈಕ್ರೋಸೆಕೆಂಡ್. ನಿಂತಾಗಿನ 29 ಪಟ್ಟು, ಐನ್‌ಸ್ಟೈನ್ ಸೂತ್ರ ಹೇಳಿದಷ್ಟೇ.