ನಾಯಿಯ ಬಟ್ಟಲು ನೆಲದ ಮೇಲೋ, ಸ್ಟ್ಯಾಂಡ್ ಮೇಲೋ?

ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಈಗ ಸ್ಟ್ಯಾಂಡ್ ಮೇಲೆ ಕೂರಿಸಿದ ಜೋಡಿ ಬಟ್ಟಲುಗಳು ಸಿಗುತ್ತವೆ. ಒಂದರಲ್ಲಿ ಊಟ, ಇನ್ನೊಂದರಲ್ಲಿ ನೀರು. ನಾಯಿ ಬಗ್ಗಬೇಕಿಲ್ಲ, ಕುತ್ತಿಗೆಗೆ ಆರಾಮ, ಜೀರ್ಣಕ್ಕೂ ಒಳ್ಳೆಯದು ಎಂಬ ಮಾತು ಜೊತೆಗೇ ಬರುತ್ತದೆ. ಆರೋಗ್ಯವಾಗಿರುವ ದೊಡ್ಡ ನಾಯಿಯ ವಿಷಯದಲ್ಲಿ ಈ ಮಾತನ್ನು ನಂಬಬೇಡಿ ಎನ್ನುತ್ತೇನೆ. ಕಾರಣ, ಅಂಥ ನಾಯಿಗಳನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲ ಒಂದು ಕಾಯಿಲೆ.

ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ, ಅಂದರೆ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಜರ್ಮನ್ ಶೆಫರ್ಡ್, ಐರಿಷ್ ಸೆಟ್ಟರ್ ಮುಂತಾದವುಗಳಲ್ಲಿ, ಜಠರ ಗಾಳಿಯಿಂದ ಉಬ್ಬಿ ತನ್ನ ಸುತ್ತ ತಾನೇ ತಿರುಚಿಕೊಳ್ಳುವುದುಂಟು. ಆಗ ಅದರ ಎರಡೂ ಬಾಯಿಗಳು ಮುಚ್ಚಿಹೋಗುತ್ತವೆ. ಒಳಗಿನ ಗಾಳಿಗೆ ಮೇಲೂ ದಾರಿಯಿಲ್ಲ, ಕೆಳಗೂ ದಾರಿಯಿಲ್ಲ. ಉಬ್ಬಿದ ಜಠರ ದೊಡ್ಡ ರಕ್ತನಾಳಗಳನ್ನು ಒತ್ತುವುದರಿಂದ ಹೃದಯಕ್ಕೆ ಮರಳುವ ರಕ್ತ ಕುಗ್ಗುತ್ತದೆ, ನಾಯಿ ಆಘಾತಕ್ಕೆ ಜಾರುತ್ತದೆ. ಹೊಟ್ಟೆ ಬಿಗಿದು ಊದಿಕೊಂಡಿದೆ, ಮತ್ತೆ ಮತ್ತೆ ವಾಂತಿಗೆ ಪ್ರಯತ್ನಿಸುತ್ತಿದೆ, ಆದರೆ ಏನೂ ಹೊರಬರುತ್ತಿಲ್ಲ ಎಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಒಂದು ಕಾಲದಲ್ಲಿ ಈ ಕಾಯಿಲೆ ತಪ್ಪಿಸಲೆಂದೇ ಎತ್ತರದ ಬಟ್ಟಲನ್ನು ಸೂಚಿಸುತ್ತಿದ್ದರು. ತಲೆ ಎತ್ತಿ ತಿಂದರೆ ನಾಯಿ ಕಡಿಮೆ ಗಾಳಿ ನುಂಗುತ್ತದೆ ಎಂಬ ಊಹೆ ಅದರ ಹಿಂದಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲಾರೆನ್ಸ್ ಗ್ಲಿಕ್‌ಮನ್ ಮತ್ತು ಸಂಗಡಿಗರು 11 ತಳಿಗಳ 1,637 ನಾಯಿಗಳ ಮೇಲೆ ನಿಗಾ ಇಟ್ಟು 2000ದಲ್ಲಿ ಪ್ರಕಟಿಸಿದ ಫಲಿತಾಂಶ ಈ ಸಲಹೆಗೆ ತದ್ವಿರುದ್ಧವಾಗಿತ್ತು. ವಯಸ್ಸು, ಹತ್ತಿರದ ರಕ್ತಸಂಬಂಧಿಗೆ ಇದೇ ಕಾಯಿಲೆ ಬಂದಿದ್ದದ್ದು, ಗಬಗಬನೆ ತಿನ್ನುವ ಅಭ್ಯಾಸ, ಇವುಗಳ ಜೊತೆಗೆ ಎತ್ತರದ ಬಟ್ಟಲೂ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿತ್ತು. ದೊಡ್ಡ ತಳಿಗಳಲ್ಲಿ ಸುಮಾರು 20%, ದೈತ್ಯ ತಳಿಗಳಲ್ಲಿ ಸುಮಾರು 52% ಪ್ರಕರಣಗಳನ್ನು ಅವರು ಎತ್ತರದ ಬಟ್ಟಲಿನ ಲೆಕ್ಕಕ್ಕೆ ಹಾಕಿದರು.

ಇದು ನಾಯಿಗಳನ್ನು ಅವುಗಳ ಮನೆಯಲ್ಲೇ ಗಮನಿಸಿ ಮಾಡಿದ ಅಧ್ಯಯನ. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಇಂಥ ಅಧ್ಯಯನದಿಂದ ಸಾಧಿಸಲಾಗದು. ಆದರೂ ನನ್ನ ತೀರ್ಮಾನ ಸರಳ: ಲಾಭ ಕಾಣದ, ಅಪಾಯದ ಸುಳಿವಿರುವ ಅನುಕೂಲವೊಂದನ್ನು ಗಟ್ಟಿಮುಟ್ಟಾದ ದೊಡ್ಡ ನಾಯಿಗೆ ಯಾಕೆ ಕೊಡಬೇಕು? ನಮ್ಮ ಮುಧೋಳ ನಾಯಿಯದೂ ಆಳವಾದ ಎದೆಯೇ. ಅದನ್ನು ಸಾಕಿದವರು ಬಟ್ಟಲನ್ನು ನೆಲದ ಮೇಲೇ ಇಟ್ಟು, ದಿನದ ಊಟವನ್ನು ಎರಡು ಮೂರು ಹೊತ್ತಿಗೆ ಹಂಚಿ, ನಿಧಾನವಾಗಿ ತಿನ್ನುವಂತೆ ನೋಡಿಕೊಳ್ಳುವುದು ಒಳ್ಳೆಯದು.

ತಲೆ ತಗ್ಗಿಸಿದರೆ ನುಂಗಲು ಕಷ್ಟವಲ್ಲವೇ? ಅಲ್ಲ. ಅನ್ನನಾಳದ ಸ್ನಾಯುಗಳು ಅಲೆಯಲೆಯಾಗಿ ಕುಗ್ಗುತ್ತಾ ತುತ್ತನ್ನು ಮುಂದೆ ತಳ್ಳುತ್ತವೆ. ಅದಕ್ಕೆ ಗುರುತ್ವದ ನೆರವು ಬೇಕಿಲ್ಲ. ಮೇಯುವ ಹಸು ದಿನವಿಡೀ ತಲೆ ತಗ್ಗಿಸಿಯೇ ನುಂಗುತ್ತದೆ.

ಈ ಸ್ನಾಯುಗಳೇ ಸೋತಾಗ ಮಾತ್ರ ಚಿತ್ರ ಬದಲಾಗುತ್ತದೆ. ಕೆಲವು ನಾಯಿಗಳಲ್ಲಿ ಅನ್ನನಾಳ ಹಿಗ್ಗಿ, ಜೋಲುಬಿದ್ದು, ತುತ್ತು ಅಲ್ಲೇ ನಿಂತುಬಿಡುತ್ತದೆ. ಅದು ಮರಳಿ ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಇಂಥ ನಾಯಿಗೆ ಬಟ್ಟಲನ್ನು ಒಂದಡಿ ಎತ್ತರಿಸಿದರೆ ಸಾಲದು, ಇಡೀ ಎದೆಯೇ ನೆಟ್ಟಗಿರಬೇಕು. ಇದಕ್ಕಾಗಿಯೇ ಬೈಲಿ ಕುರ್ಚಿ ಎಂಬ ಮರದ ಆಸನವಿದೆ. ನಾಯಿ ಅದರಲ್ಲಿ ಮನುಷ್ಯರಂತೆ ನೆಟ್ಟಗೆ ಕೂತು ತಿನ್ನುತ್ತದೆ. ತಿಂದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಕೂತಿರಬೇಕು, ತುತ್ತು ತನ್ನ ಭಾರಕ್ಕೆ ತಾನೇ ಕೆಳಗಿಳಿಯುವವರೆಗೆ.

ಇನ್ನು ಮುದಿ ನಾಯಿಗಳು. ನಾಯಿಯ ಮೈಭಾರದ ಸುಮಾರು 60% ಮುಂಗಾಲುಗಳ ಮೇಲಿರುತ್ತದೆ. ತಲೆ ತಗ್ಗಿಸಿದಾಗ ಆ ಭಾರ ಇನ್ನಷ್ಟು ಮುಂದಕ್ಕೆ ಸರಿಯುತ್ತದೆ. ಮೊಣಕೈ ಸವೆದ, ಕುತ್ತಿಗೆಯ ಡಿಸ್ಕ್ ಜಾರಿದ ನಾಯಿಗೆ ಆ ಭಂಗಿಯೇ ನೋವು. ಅಲ್ಲಿ ಎತ್ತರದ ಬಟ್ಟಲು ನಿಜವಾದ ಉಪಕಾರ. ತಳಿ ದೊಡ್ಡದಾಗಿದ್ದರೆ ಮಾತ್ರ ಮೊದಲು ಪಶುವೈದ್ಯರನ್ನು ಕೇಳಿ.

ಬೆಕ್ಕುಗಳಲ್ಲಿ ಜಠರ ತಿರುಚುವುದು ತೀರಾ ಅಪರೂಪ. ಕೀಲುನೋವು ಮಾತ್ರ ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 90 ಬೆಕ್ಕುಗಳಿಗೆ ಕೀಲು ಸವೆತವಿತ್ತು. ಬೆಕ್ಕು ಕುಂಟುವುದಿಲ್ಲ, ಕೂಗುವುದಿಲ್ಲ. ಕಿಟಕಿಗೆ ಹಾರುವುದನ್ನು ಬಿಡುತ್ತದೆ, ಅಷ್ಟೇ. ಕುಡಿಯುವ ಕೆಲಸಕ್ಕೆ ಅದಕ್ಕೆ ಎತ್ತರ ಬೇಕಿಲ್ಲ. ನಾಲಗೆಯ ತುದಿಯನ್ನು ನೀರಿಗೆ ಸೋಕಿಸಿ ಸರಕ್ಕನೆ ಮೇಲೆಳೆದಾಗ ಹಿಂದೆಯೇ ಏಳುವ ನೀರಿನ ಕಂಬವನ್ನು, ಅದು ಕುಸಿಯುವ ಮೊದಲೇ, ಬಾಯಿ ಮುಚ್ಚಿ ಹಿಡಿಯುತ್ತದೆ ಎಂದು 2010ರಲ್ಲಿ ಅತಿವೇಗದ ಕ್ಯಾಮೆರಾ ತೋರಿಸಿಕೊಟ್ಟಿತು. ನೋಯುವ ಮೊಣಕೈಗಳಿಗಾಗಿ ಮುದಿ ಬೆಕ್ಕಿನ ಬಟ್ಟಲನ್ನು ನಾಲ್ಕು ಬೆರಳು ಎತ್ತರಿಸಿ ನೋಡಬಹುದು. ಸ್ಟ್ಯಾಂಡ್ ಕೊಳ್ಳಬೇಕಿಲ್ಲ, ಅಲುಗಾಡದ ಒಂದು ಮಣೆ ಸಾಕು. ಕೆಲವು ದಿನ ನೆಲದ ಮೇಲೊಂದು, ಮಣೆಯ ಮೇಲೊಂದು ಬಟ್ಟಲಿಟ್ಟು, ಬೆಕ್ಕು ಯಾವುದಕ್ಕೆ ಹೋಗುತ್ತದೆ ನೋಡಿ ಅದನ್ನೇ ಉಳಿಸಿ.